ಮಕ್ಕಳ ಜೊತೆ ಸಿಂಗಪುರಕ್ಕೆ ಹೊರಟಿರಾ? ತಯಾರಿ ಚಿಗರಿ ಬಸ್ಸಿನಿಂದಲೇ ಶುರುವಾಗಲಿ

ಬೇಸಿಗೆ ರಜೆಗೆ ಹುಬ್ಬಳ್ಳಿ–ಧಾರವಾಡದಿಂದ ಸಿಂಗಪುರಕ್ಕೆ ಹೊರಡುವ ಕುಟುಂಬಗಳು ಈಗ ಕಡಿಮೆಯೇನಲ್ಲ. ದಿನಕ್ಕೆ ಐದಾರು ಜಾಗದ ಪಟ್ಟಿ ಹಿಡಿದು ಓಡಿದರೆ ಮೂರನೇ ಜಾಗದಲ್ಲೇ ಮಕ್ಕಳು ರಚ್ಚೆ ಹಿಡಿಯುತ್ತಾರೆ. ಎಲ್ಲವನ್ನೂ ತೋರಿಸುವುದಕ್ಕಿಂತ ಅವರ ಕೈಗೊಂದು ಕೆಲಸ ಕೊಡುವುದೇ ಮೇಲು. ದಾರಿ ತೋರಿಸುವ ಹೊಣೆ ಸಿಕ್ಕ ಮಗು ದಣಿದೆ ಅನ್ನುವುದನ್ನೇ ಮರೆಯುತ್ತದೆ.

ಮೊದಲು ಊರಲ್ಲೇ ತಾಲೀಮು

ಹೊರಡುವ ಮುಂಚಿನ ಒಂದು ಭಾನುವಾರ ಹುಬ್ಬಳ್ಳಿಯಲ್ಲಿ ಚಿಗರಿ, ಅಂದರೆ ಹುಬ್ಬಳ್ಳಿ–ಧಾರವಾಡ ನಡುವಿನ ಬಿಆರ್‌ಟಿಎಸ್ ಬಸ್ ಹತ್ತಿ. ಎಲ್ಲರನ್ನೂ ಧಾರವಾಡದ ಜುಬಿಲಿ ಸರ್ಕಲ್‌ಗೆ ಮುಟ್ಟಿಸುವುದು ಮಗುವಿನ ಜವಾಬ್ದಾರಿ. ಟಿಕೆಟ್ ಅದೇ ಕೇಳಲಿ, ಬೋರ್ಡ್ ಅದೇ ಓದಲಿ, ಉಣಕಲ್ ಆಯಿತು, ನವನಗರ ಆಯಿತು ಎಂದು ಲೆಕ್ಕ ಇಡುತ್ತ ಇಳಿಯುವ ಹೊತ್ತನ್ನೂ ಅದೇ ಹೇಳಲಿ. ನೀವು ಬಾಯಿ ಬಿಡಬೇಡಿ.

ಸಿಂಗಪುರದ ಮೆಟ್ರೊ, ಅಂದರೆ ಎಂಆರ್‌ಟಿಯಲ್ಲಿ ಇದೇ ಆಟ ಮುಂದುವರಿಯುತ್ತದೆ. ಅಲ್ಲಿ ಪ್ರತಿ ಮಾರ್ಗಕ್ಕೊಂದು ಬಣ್ಣ, ಪ್ರತಿ ನಿಲ್ದಾಣಕ್ಕೊಂದು ಸಂಖ್ಯೆ. ಲಿಟ್ಲ್ ಇಂಡಿಯಾ ಬಡಾವಣೆಯಲ್ಲಿ ತಂಗಿದ್ದರೆ ನೀಲಿ ಮಾರ್ಗದ ಡಿಟಿ12ರಲ್ಲಿ ರೈಲು ಹತ್ತಿ ಡಿಟಿ16ರಲ್ಲಿ, ಬೇಫ್ರಂಟ್‌ನಲ್ಲಿ, ಇಳಿಯಬೇಕು. ಹೆಸರು ಓದಲು ತಡವರಿಸುವ ಮಗುವಿಗೂ ಹನ್ನೆರಡರಿಂದ ಹದಿನಾರು ಎಣಿಸಲು ಬರುತ್ತದೆ. ರೈಲಿನಲ್ಲಿ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ದಂಡ 500 ಸಿಂಗಪುರ ಡಾಲರ್‌ವರೆಗೂ ಇದೆ. ಚೂಡಾದ ಪೊಟ್ಟಣ ಚೀಲದಲ್ಲೇ ಇರಲಿ.

ಬುತ್ತಿ ಕಟ್ಟುವಾಗ ಎಚ್ಚರ

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ. ಗಸಗಸೆ ಹಾಕಿದ ಅಂಟಿನುಂಡಿ ಮಾತ್ರ ಬೇಡವೇ ಬೇಡ. ಗಸಗಸೆ ಅಫೀಮು ಗಿಡದ ಬೀಜವಾದ್ದರಿಂದ ಸಿಂಗಪುರದಲ್ಲಿ ನಿಷೇಧ. ಅಜ್ಜಿ ಅಕ್ಕರೆಯಿಂದ ಕಟ್ಟಿಕೊಟ್ಟಿದ್ದರೆ ಕಾರಣ ಹೇಳಿ, ಹೊರಡುವ ಮುಂಚೆ ಮನೆಯಲ್ಲೇ ತಿಂದು ಮುಗಿಸಿ. ಚೂಯಿಂಗ್ ಗಮ್ ಒಯ್ಯುವುದಕ್ಕೂ 1992ರಿಂದ ನಿರ್ಬಂಧವಿದೆ.

ಮೊದಲ ದಿನ ಒಂದೇ ಜಾಗ

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಬೆಳಿಗ್ಗೆ ಎಂಟಾದರೆ ಮಗುವಿನ ಮೈಗೆ ಇನ್ನೂ ಐದೂವರೆ. ಹಾಗಾಗಿ ಬೆಳಗಿನ ಕಾರ್ಯಕ್ರಮ ಕೈಬಿಟ್ಟು ಸಂಜೆಯನ್ನು ಬಳಸಿಕೊಳ್ಳಿ.

ಬೇಫ್ರಂಟ್ ಪಕ್ಕದ ಗಾರ್ಡನ್ಸ್ ಬೈ ದ ಬೇ ಉದ್ಯಾನಕ್ಕೆ ಹೋಗಿ. ಒಳಗಿನ ಮಕ್ಕಳ ತೋಟದಲ್ಲಿ ನೀರಾಟಕ್ಕೆ ಶುಲ್ಕವಿಲ್ಲ. ಸೋಮವಾರ ಮಾತ್ರ ಬಾಗಿಲು ಹಾಕಿರುತ್ತದೆ. ಟವೆಲ್, ಒಂದು ಜೊತೆ ಒಣ ಬಟ್ಟೆ ಜೊತೆಗಿರಲಿ. ನೀರಾಡಿ ಹಸಿದ ಮಕ್ಕಳಿಗೆ ರೊಟ್ಟಿ, ಚಟ್ನಿ ಕೊಟ್ಟು ಸೂಪರ್‌ಟ್ರೀಗಳತ್ತ ಕರೆದೊಯ್ಯಿರಿ. 25ರಿಂದ 50 ಮೀಟರ್ ಎತ್ತರದ ಈ ಉಕ್ಕಿನ ಮರಗಳಲ್ಲಿ ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಹಾಡಿನ ತಾಳಕ್ಕೆ ದೀಪ ಕುಣಿಯುತ್ತವೆ. ಇದಕ್ಕೂ ಟಿಕೆಟ್ ಇಲ್ಲ. ಹಳೆಯ ಚಾದರ ಹಾಸಿ ಅಂಗಾತ ಮಲಗಿ ನೋಡಿ, ಕತ್ತು ನೋಯುವುದಿಲ್ಲ.

ಮಳೆ ಹಿಡಿದ ಮಧ್ಯಾಹ್ನಕ್ಕೆ

ಅಲ್ಲಿ ಮಧ್ಯಾಹ್ನ ಗುಡುಗಿ ಮಳೆ ಸುರಿಯುವುದು ಸಾಮಾನ್ಯ. ಆ ಹೊತ್ತಿಗೆ ಮೊಬೈಲ್ ಕೊಡಬೇಡಿ. ಮಲಯ ಜನರ ಚೊಂಗ್ಕಾಕ್ ಆಟ ನಮ್ಮ ಅಳಗುಳಿಮಣೆಯ ಬಳಗದ್ದೇ. ಎರಡೂ ಬದಿಗೆ ಏಳೇಳು ಗುಳಿ. ತುದಿಗಳಲ್ಲಿ ಗೆದ್ದ ಕಾಯಿ ತುಂಬುವ ಒಂದೊಂದು ದೊಡ್ಡ ಗುಳಿ ಮಾತ್ರ ಹೆಚ್ಚು. ಊರಲ್ಲೇ ಅಳಗುಳಿಮಣೆ ಕಲಿಸಿದ್ದರೆ ಮಗು ಇದನ್ನು ಬೇಗ ಹಿಡಿಯುತ್ತದೆ. ಮಣೆ ಸಿಗದಿದ್ದರೆ ಕಾಗದದ ಮೇಲೆ ಗುಳಿಗಳನ್ನು ಬರೆದು, ಹೋಟೆಲ್ ರೂಮಿನಲ್ಲಿ ಚಿಲ್ಲರೆ ನಾಣ್ಯಗಳನ್ನೇ ಕಾಯಿ ಮಾಡಿಕೊಂಡು ಆಡಿ.