ಮೇಜಿನ ಮೇಲೊಂದು ಬ್ಲೂ ಬಾಕ್ಸ್, ಅದಕ್ಕೊಂದು ಎಕ್ಸ್‌ಚೇಂಜ್

ಬ್ಲೂ ಬಾಕ್ಸ್ ಅಂದರೆ ಟೆಲಿಫೋನ್ ಎಕ್ಸ್‌ಚೇಂಜಿಗೆ ಅದರದ್ದೇ ಸ್ವರಗಳನ್ನು ಕೇಳಿಸಿ ಮರುಳು ಮಾಡಿ, ದೂರದ ಕರೆಗಳನ್ನು ಪುಕ್ಕಟೆ ಮಾಡಲು ಬಳಸುತ್ತಿದ್ದ ಪೆಟ್ಟಿಗೆ. ಅದನ್ನು ಮಾಡುವುದು ಅಂಥ ಕಷ್ಟವೇನಲ್ಲ. ಅದಕ್ಕೆ ಮರುಳಾಗುವ ಎಕ್ಸ್‌ಚೇಂಜ್ ಮಾಡುವುದೇ ಕಷ್ಟ. ನಾನು ಎರಡನ್ನೂ ಮನೆಯಲ್ಲೇ ಮಾಡಿ ನೋಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಮೆರಿಕದ ಬೆಲ್ ಕಂಪನಿಯ ದೂರದ ಕರೆಗಳು ಹೋಗುತ್ತಿದ್ದ ಟ್ರಂಕ್ ಲೈನುಗಳ ಲೆಕ್ಕಾಚಾರ ಒಂದು ಕಾಲದಲ್ಲಿ ಸದ್ದಿನ ಮೇಲೇ ನಡೆಯುತ್ತಿತ್ತು. ಟ್ರಂಕ್ ಖಾಲಿ ಇದ್ದರೆ ಅದರಲ್ಲಿ 2600 ಹರ್ಟ್ಸ್‌ನ ಒಂದೇ ಸಮನೆ ಶಿಳ್ಳೆ. ಶಿಳ್ಳೆ ನಿಂತರೆ ಯಾರೋ ಲೈನ್ ಹಿಡಿದರು ಎಂದರ್ಥ. ಮತ್ತೆ ಶುರುವಾದರೆ ಫೋನ್ ಇಟ್ಟರು ಎಂದರ್ಥ. ಮಾತು ಹೋಗುವ ದಾರಿಯಲ್ಲೇ ಈ ಶಿಳ್ಳೆಯೂ ಹೋಗುತ್ತಿತ್ತು ನೋಡಿ, ಎಡವಟ್ಟಾದದ್ದು ಅಲ್ಲೇ. ಯಾವುದೋ 800 ನಂಬರಿಗೆ ಪುಕ್ಕಟೆ ಕರೆ ಮಾಡಿ, ಮಧ್ಯದಲ್ಲಿ ನೀವೇ 2600ರ ಶಿಳ್ಳೆ ಹಾಕಿದರೆ ಆ ಕಡೆಯ ಎಕ್ಸ್‌ಚೇಂಜ್ ನೀವು ಫೋನ್ ಇಟ್ಟಿರಿ ಅಂದುಕೊಂಡು ಕರೆ ಬಿಡುತ್ತಿತ್ತು. ಶಿಳ್ಳೆ ನಿಲ್ಲಿಸಿದ ಕೂಡಲೇ ಹೊಸ ಕರೆ ಬಂತು ಅಂತ ನಂಬರಿಗೆ ಕಾದು ಕೂರುತ್ತಿತ್ತು. ಬಿಲ್ ಬರೆಯುವ ಈ ಕಡೆಯ ಎಕ್ಸ್‌ಚೇಂಜಿನ ಲೆಕ್ಕದಲ್ಲಿ ಮಾತ್ರ ನೀವಿನ್ನೂ ಪುಕ್ಕಟೆ ಕರೆಯಲ್ಲೇ ಇದ್ದೀರಿ.

ಆಮೇಲೆ ನಂಬರ್ ಕೊಡಬೇಕು. ಅದಕ್ಕೆ ಬೇರೆ ಆರು ಸ್ವರಗಳು: 700, 900, 1100, 1300, 1500, 1700 ಹರ್ಟ್ಸ್. ಒಂದೊಂದು ಅಂಕಿಗೂ ಇವುಗಳಲ್ಲಿ ಎರಡು ಒಟ್ಟಿಗೆ. 1ಕ್ಕೆ 700 ಮತ್ತು 900, 5ಕ್ಕೆ 900 ಮತ್ತು 1300, ಸೊನ್ನೆಗೆ 1300 ಮತ್ತು 1500, ಹೀಗೆ. ನಂಬರಿಗೆ ಮೊದಲು ಕೆಪಿ ಅನ್ನುವ ಸಂಕೇತ (1100 ಮತ್ತು 1700), ಕೊನೆಗೆ ಎಸ್‌ಟಿ (1500 ಮತ್ತು 1700). ನಮ್ಮ ಬಟನ್ ಫೋನಿನಲ್ಲಿ ಗುಂಡಿ ಒತ್ತಿದಾಗ ಕೇಳುವ ಡಿಟಿಎಂಎಫ್ ಸದ್ದುಗಳೇ ಬೇರೆ, ಇವೇ ಬೇರೆ. ಇದು ಎಕ್ಸ್‌ಚೇಂಜುಗಳು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಭಾಷೆ. ಗುಟ್ಟೂ ಆಗಿರಲಿಲ್ಲ. ಬೆಲ್ ಕಂಪನಿಯೇ 1960ರ ನವೆಂಬರ್‌ನಲ್ಲಿ ತನ್ನ ತಾಂತ್ರಿಕ ಪತ್ರಿಕೆಯಲ್ಲಿ ಈ ಪಟ್ಟಿಯನ್ನು ಅಚ್ಚು ಹಾಕಿಸಿತ್ತು. ಲೈಬ್ರರಿಗೆ ಹೋದವರಿಗೆಲ್ಲ ಸಿಗುತ್ತಿತ್ತು.

ಕಣ್ಣು ಕಾಣದ ಜೋ ಎಂಗ್ರೆಸಿಯಾ ಬಾಯಲ್ಲೇ 2600 ಹರ್ಟ್ಸ್ ಶಿಳ್ಳೆ ಹಾಕುತ್ತಿದ್ದದ್ದು, ಕ್ಯಾಪ್ಟನ್ ಕ್ರಂಚ್ ಸೀರಿಯಲ್ ಡಬ್ಬಿಯಲ್ಲಿ ಬರುತ್ತಿದ್ದ ಆಟದ ಪೀಪಿಯ ಒಂದು ತೂತು ಮುಚ್ಚಿ ಊದಿದರೆ ಅದೇ ಸ್ವರ ಬರುತ್ತಿದ್ದದ್ದು, ಇದೆಲ್ಲ ತುಂಬಾ ಜನ ಹೇಳಿರುವ ಕತೆ. ನನಗೆ ಕುತೂಹಲ ಇದ್ದದ್ದು ಪೆಟ್ಟಿಗೆಯ ಒಳಗಡೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಪೆಟ್ಟಿಗೆಯನ್ನು ಯಾವ ಫೋನ್ ಲೈನಿಗೂ ಸೇರಿಸಿಲ್ಲ. ಸೇರಿಸಿದರೂ ಪ್ರಯೋಜನವಿಲ್ಲ. ಅಮೆರಿಕದಲ್ಲಿ 1976ರಿಂದಲೇ ಈ ಸಂಕೇತಗಳನ್ನು ಮಾತಿನ ದಾರಿಯಿಂದ ಬಿಡಿಸಿ ಬೇರೆ ದಾರಿಗೆ ಹಾಕಲು ಶುರು ಮಾಡಿದರು. ನಮ್ಮ ದೇಶದ ಎಕ್ಸ್‌ಚೇಂಜುಗಳ ಪದ್ಧತಿಯೇ ಬೇರೆ ಇತ್ತು. ನಮ್ಮ ಕಡೆಯ ಕಿತಾಪತಿ ಇನ್ನೂ ಸರಳ: ಎಸ್‌ಟಿಡಿ ಬಿಲ್ಲಿಗೆ ಹೆದರಿ ದೊಡ್ಡವರು ಡಯಲ್‌ಗೆ ಪುಟ್ಟ ಬೀಗ ಹಾಕುತ್ತಿದ್ದರು, ಹುಡುಗರು ರಿಸೀವರ್ ಇಡುವ ಗುಂಡಿಯನ್ನೇ ತಟ್ಟಿ ನಂಬರ್ ಹೊಡೆಯುತ್ತಿದ್ದರು. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಡಯಲ್ ಮಾಡುವುದೂ ಅಷ್ಟೇ ತಾನೇ, ಸೆಕೆಂಡಿಗೆ ಹತ್ತರ ಲೆಕ್ಕದಲ್ಲಿ ಲೈನನ್ನು ಕಡಿದು ಸೇರಿಸುವುದು! ಕೈ ಪಳಗಿದರೆ ಸಾಕಿತ್ತು.

ಸರಿ, ಕೆಲಸಕ್ಕೆ ಬರೋಣ. ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲೇ ಸಿಕ್ಕಿತು. ಏಳು 555 ಐಸಿ, ಮಲ್ಟಿಟರ್ನ್ ಪ್ರಿಸೆಟ್‌ಗಳು, ಒಂದಷ್ಟು 1ಎನ್4148 ಡಯೋಡ್, ಸ್ವರಗಳನ್ನು ಕೂಡಿಸಲು ಟಿಎಲ್072 ಅನ್ನುವ ಒಂದು ಆಪ್-ಆಂಪ್ ಚಿಪ್, ಹನ್ನೆರಡು ಗುಂಡಿಯ ಕೀಪ್ಯಾಡ್, ಎಂಟು ಓಮ್‌ನ ಚಿಕ್ಕ ಸ್ಪೀಕರ್. ಒಂದೊಂದು 555 ಒಂದೊಂದು ಸ್ವರ ಹುಟ್ಟಿಸುವ ಆಸಿಲೇಟರ್: ಆರು ಸ್ವರಕ್ಕೆ ಆರು, 2600ಕ್ಕೆ ಇನ್ನೊಂದು. ಎಲ್ಲವೂ ಸದಾ ಓಡುತ್ತಲೇ ಇರುತ್ತವೆ. ಗುಂಡಿ ಒತ್ತಿದಾಗ ಬೇಕಾದ ಎರಡು ಮಾತ್ರ ಹೊರಗೆ ಬರುತ್ತವೆ. ಗುಂಡಿ ಒತ್ತಿದ ಮೇಲೆ ಆಸಿಲೇಟರ್ ಶುರು ಮಾಡುವುದು ಬೇಡ, ಯಾಕೆಂದರೆ ಒಂದು ಅಂಕಿಯ ಸದ್ದಿಗೆ ಸಿಗುವುದೇ ಸುಮಾರು 68 ಮಿಲಿಸೆಕೆಂಡ್. ಅದರಲ್ಲಿ ಸ್ವಲ್ಪವೂ ಆಸಿಲೇಟರ್ ಎದ್ದು ಕೂರುವುದಕ್ಕೆ ಹಾಳಾಗಬಾರದು. ಒಂದು ಗುಂಡಿಗೆ ಎರಡು ಡಯೋಡ್, ಹನ್ನೆರಡು ಗುಂಡಿಗೆ ಇಪ್ಪತ್ತನಾಲ್ಕು. ಝೀರೋ ಪಿಸಿಬಿ ಮೇಲೆ ಇಷ್ಟೂ ಬೆಸುಗೆ ಹಾಕುವುದು ಬೇಜಾರಿನ ಕೆಲಸ, ಆದರೆ ಮೆದುಳಿಗೆ ಕೆಲಸವಿಲ್ಲ.

ಸ್ವರ ಎಷ್ಟೆಂದು ನಿರ್ಧರಿಸುವ ಕ್ಯಾಪಾಸಿಟರ್ ಆಯ್ಕೆಯಲ್ಲಿ ಮಾತ್ರ ಜಿಪುಣತನ ಬೇಡ. 103 ಅಂತ ಬರೆದಿರುವ ಅಗ್ಗದ ಸೆರಾಮಿಕ್ ಡಿಸ್ಕ್ ಹಾಕಿದರೆ, ಬೆಳಗ್ಗೆ ಸರಿಯಾಗಿ ಕೂರಿಸಿದ 1300 ಮಧ್ಯಾಹ್ನದ ಬಿಸಿಲಿಗೆ ಬೇರೆಲ್ಲೋ ಇರುತ್ತದೆ. ಬೆರಳಲ್ಲಿ ಹಿಡಿದುಕೊಂಡರೂ ಫ್ರೀಕ್ವೆನ್ಸಿ ಕೌಂಟರಿನ ಅಂಕಿಗಳು ಜಾರುವುದು ಕಣ್ಣಿಗೇ ಕಾಣುತ್ತದೆ. ಪಾಲಿಯೆಸ್ಟರ್ ಹಾಕಿದರೆ ಎಷ್ಟೋ ವಾಸಿ, ಪಾಲಿಸ್ಟೈರೀನ್ ಸಿಕ್ಕಿದರೆ ಇನ್ನೂ ಒಳ್ಳೆಯದು. 1971ರ ಅಕ್ಟೋಬರ್‌ನ ಎಸ್ಕ್ವೈರ್ ಪತ್ರಿಕೆಯಲ್ಲಿ ಬ್ಲೂ ಬಾಕ್ಸ್ ಬಗ್ಗೆ ಓದಿ ಸ್ಟೀವ್ ವೋಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್ ಮೊದಲು ಕಟ್ಟಲು ಹೊರಟದ್ದೂ ಇಂಥದ್ದೇ ಅನಲಾಗ್ ಪೆಟ್ಟಿಗೆ. ಅವರನ್ನು ಕಾಡಿದ್ದೂ ಇದೇ ರೋಗ, ಸ್ವರ ನಿಲ್ಲಲಿಲ್ಲ. ಆಮೇಲೆ ವೋಜ್ನಿಯಾಕ್ ಕದಲದ ತಾಳ ಕೊಡುವ ಕ್ರಿಸ್ಟಲ್ ಇಟ್ಟು, ಅದರ ಗಡಿಯಾರವನ್ನು ಭಾಗಿಸಿ ಸ್ವರ ತೆಗೆಯುವ ಡಿಜಿಟಲ್ ಪೆಟ್ಟಿಗೆ ಮಾಡಿದರು. ಬಿಸಿಲಿನಲ್ಲಿ ಪ್ರಿಸೆಟ್ ತಿರುಗಿಸುತ್ತಾ ಕೂತವರಿಗೇ ಆ ಜಾಣತನದ ಬೆಲೆ ಗೊತ್ತು.

ಇನ್ನು ಎಕ್ಸ್‌ಚೇಂಜ್. ಪೆಟ್ಟಿಗೆ ಸರಿಯಾಗಿ ಹಾಡುತ್ತಿದೆಯೋ ಇಲ್ಲವೋ ಕಿವಿಗೆ ಗೊತ್ತಾಗುವುದಿಲ್ಲ. ಕೇಳುವ ಯಂತ್ರ ಬೇಕು. ಹಾಗಾಗಿ ಏಳು ಎಲ್‌ಎಂ567 ಟೋನ್ ಡಿಕೋಡರ್ ತಂದು, ಒಂದೊಂದನ್ನೂ ಒಂದೊಂದು ಸ್ವರಕ್ಕೆ ಕಿವಿಗೊಡುವಂತೆ ಕೂರಿಸಿದೆ. ಮುಂದೆ ಒಂದು ಚಿಕ್ಕ ಮೈಕ್, ಹಿಂದೆ ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಎರಡು ಸಾಲಿನ ಎಲ್‌ಸಿಡಿ. 2600 ಕೇಳಿ ನಿಂತರೆ 'ಲೈನ್ ಸಿದ್ಧ' ಎಂದು ಬರುತ್ತದೆ. ಕೆಪಿ ಬಂದ ಮೇಲೆ ಅಂಕಿ ಬರೆದುಕೊಳ್ಳುತ್ತಾ ಹೋಗಿ, ಎಸ್‌ಟಿ ಬಂದಾಗ ನಿಲ್ಲಿಸುತ್ತದೆ. ಆರರಲ್ಲಿ ಸರಿಯಾಗಿ ಎರಡೇ ಸ್ವರ ಕೇಳಿದರೆ ಮಾತ್ರ ಅಂಕಿ. ಒಂದೇ ಕೇಳಿದರೂ, ಮೂರು ಕೇಳಿದರೂ ತಪ್ಪು. ಬೆಲ್‌ನವರ ಪದ್ಧತಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ತಪ್ಪು ಹಿಡಿಯುವ ಉಪಾಯ ಆ ಜೋಡಿಯಲ್ಲೇ ಅಡಗಿದೆ, ಬೇರೆ ಸರ್ಕ್ಯೂಟ್ ಬೇಕಾಗಿಲ್ಲ.

ಪೆಟ್ಟಿಗೆಯನ್ನು ಮೈಕ್ ಮುಂದೆ ಹಿಡಿದು ನಂಬರ್ ಒತ್ತಿದರೆ 3, 8, 9 ಸಲೀಸಾಗಿ ಬಂದವು. 4, 5, 6, ಸೊನ್ನೆ ಒತ್ತಿದಾಗ ಮಾತ್ರ ಎಲ್‌ಸಿಡಿ ಪದೇ ಪದೇ 'ಲೈನ್ ಸಿದ್ಧ' ಅನ್ನುತ್ತಿತ್ತು. ಅಂದರೆ 2600ರ ಡಿಕೋಡರ್ ಸುಮ್ನೆ ಎಚ್ಚರಾಗುತ್ತಿದೆ. ಈ ನಾಲ್ಕರಲ್ಲೂ ಇರುವ ಸ್ವರ ಯಾವುದು? 1300. ಅದರ ದುಪ್ಪಟ್ಟು ಎಷ್ಟು? 2600!

555 ಕೊಡುವುದು ಚೌಕದ ಅಲೆ. ಅಲೆಯ ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಸಮನಾಗಿದ್ದರೆ ಅದರಲ್ಲಿ ದುಪ್ಪಟ್ಟಿನ ಸ್ವರ ಇರುವುದಿಲ್ಲ. ಆದರೆ ಸಾಮಾನ್ಯ 555 ಸರ್ಕ್ಯೂಟಿನಲ್ಲಿ ಮೇಲಿನದು ಯಾವಾಗಲೂ ಸ್ವಲ್ಪ ಉದ್ದ. ನನ್ನಲ್ಲಿ ರೆಸಿಸ್ಟರ್‌ಗಳು ಒಂದು 10 ಕಿಲೋ ಓಮ್, ಇನ್ನೊಂದು ಸುಮಾರು 50 ಕಿಲೋ ಓಮ್. ಲೆಕ್ಕ ಹಾಕಿದರೆ ಮೇಲಿನದು ನೂರಕ್ಕೆ 54ರಷ್ಟು. ಅಷ್ಟು ಓರೆಯಾದರೂ ಸಾಕು, ಮೂಲ ಸ್ವರದ ನೂರಕ್ಕೆ 14ರಷ್ಟು ಜೋರಾಗಿ 2600 ಜೊತೆಗೇ ಹೊರಡುತ್ತದೆ. ಎಲ್‌ಎಂ567ಗೆ 20 ಮಿಲಿವೋಲ್ಟ್ ಸಿಕ್ಕಿದರೆ ಸಾಕು, ಕೇಳಿಸಿಕೊಳ್ಳುತ್ತದೆ.

ಇಲ್ಲಿಗೆ ಬಂದಾಗ ಬೆಲ್‌ನವರ ಗಾರ್ಡ್ ಸರ್ಕ್ಯೂಟ್ ಯಾಕಿತ್ತು ಅಂತ ಅರ್ಥವಾಯಿತು. ಜನ ಮಾತಾಡುವಾಗಲೂ ಆಗೊಮ್ಮೆ ಈಗೊಮ್ಮೆ 2600ರ ಸದ್ದು ಬಾಯಿಂದ ಹೊರಡುತ್ತದಲ್ವಾ? ಅದಕ್ಕೆಲ್ಲ ಕರೆ ಕಡಿದರೆ ಹೇಗೆ? ಅದಕ್ಕೇ ಅವರ ಎಕ್ಸ್‌ಚೇಂಜಿನ ಕೇಳುವ ಯಂತ್ರ 2600 ಇದೆಯೇ ಅಂತ ಮಾತ್ರ ನೋಡುತ್ತಿರಲಿಲ್ಲ. ಬೇರೆ ಸದ್ದು ಇಲ್ಲವೇ ಅಂತಲೂ ನೋಡುತ್ತಿತ್ತು. ಜೊತೆಗೆ ಬೇರೆ ಸ್ವರ ಇದ್ದರೆ ಇದು ಮಾತು ಅಂತ ಬಿಟ್ಟುಬಿಡುತ್ತಿತ್ತು. ಶಿಳ್ಳೆ ಹಾಕುವವರು ಅಷ್ಟು ಶುದ್ಧವಾಗಿ ಹಾಕಬೇಕಾಗಿದ್ದದ್ದೂ ಇದಕ್ಕೇ. ನಾನೂ ಆರ್ಡುಯಿನೊದಲ್ಲಿ ಅದನ್ನೇ ಬರೆದೆ: ಉಳಿದ ಆರರಲ್ಲಿ ಯಾವುದು ಕೇಳಿದರೂ 2600 ಲೆಕ್ಕಕ್ಕಿಲ್ಲ. ಕಾಟ ತಪ್ಪಿತು.

1, 2, 4, 7ರದ್ದು ಬೇರೆಯೇ ಗೋಳು. ಅವುಗಳಲ್ಲಿ 700 ಇದೆ. ಚಿಕ್ಕ ಸ್ಪೀಕರಿನಲ್ಲಿ 700 ಕ್ಷೀಣ, 1500 ಜೋರು. ಎಕ್ಸ್‌ಚೇಂಜಿಗೆ ಜೋಡಿಯ ಎರಡೂ ಸ್ವರ ಹೆಚ್ಚುಕಡಿಮೆ ಸಮ ಇರಬೇಕು. ಕೂಡಿಸುವ ಆಪ್-ಆಂಪ್‌ನಲ್ಲಿ 700ರ ರೆಸಿಸ್ಟರ್ ಇಳಿಸಿ ಅದರ ದನಿ ಏರಿಸಿದೆ. ಅಂದು ರಿಸೀವರಿಗೆ ಸ್ಪೀಕರ್ ಒತ್ತಿ ಹಿಡಿದು ಪೆಟ್ಟಿಗೆ ನುಡಿಸುತ್ತಿದ್ದವರೂ ಸ್ಪೀಕರಿನ ಈ ಚಾಳಿಗೆ ಮದ್ದು ಹುಡುಕಲೇಬೇಕಿತ್ತು.

ಕಡೆಗೆ 555ಗಳನ್ನು ಪಕ್ಕಕ್ಕಿಟ್ಟು ಎಟಿಟೈನಿ85 ಅನ್ನುವ ಒಂದು ಮೈಕ್ರೋಕಂಟ್ರೋಲರ್ ಚಿಪ್ ಹಾಕಿದೆ. ಸೈನ್ ಅಲೆಯ ಪಟ್ಟಿ ಮೆಮೊರಿಯಲ್ಲಿ, ಸೆಕೆಂಡಿಗೆ 31,250 ಸಲ ಅದರಿಂದ ಒಂದು ಬೆಲೆ ಹೊರಗೆ. ಜೋಡಿ ಸ್ವರಕ್ಕೆ ಎರಡು ಬೆಲೆ ಕೂಡಿಸಿದರೆ ಆಯಿತು. ಚಿಪ್ಪಿನ ಒಳಗಿನ ಗಡಿಯಾರವನ್ನು ನಂಬಬೇಡಿ, ಕಾರ್ಖಾನೆಯಿಂದ ಬರುವಾಗಲೇ ಅದು ನೂರಕ್ಕೆ ಹತ್ತರವರೆಗೂ ಆಚೀಚೆ ಇರಬಹುದು. ಹೊರಗಿಂದ 8 ಮೆಗಾಹರ್ಟ್ಸ್ ಕ್ರಿಸ್ಟಲ್ ಹಾಕಿ. ಕೆಲಸ ಚೊಕ್ಕ, ಆದರೆ ನಿಜ ಹೇಳಬೇಕೆಂದರೆ 555 ಪೆಟ್ಟಿಗೆಯಷ್ಟು ಮಜಾ ಇಲ್ಲ.

ಅದೇ ಗುಂಗಿನಲ್ಲಿ ರೆಡ್ ಬಾಕ್ಸ್, ಅಂದರೆ ನಾಣ್ಯ ಬಿದ್ದ ಸದ್ದನ್ನು ನಕಲು ಮಾಡುವ ಪೆಟ್ಟಿಗೆ, ಕೂಡ ಮಾಡಿ ನೋಡಿದೆ. ಅಮೆರಿಕದ ಕಾಯಿನ್ ಫೋನುಗಳು ನಾಣ್ಯ ಬಿದ್ದಾಗ 1700 ಮತ್ತು 2200 ಹರ್ಟ್ಸ್ ಜೋಡಿಯನ್ನು ಬೀಪ್ ಮಾಡಿ ತಿಳಿಸುತ್ತಿದ್ದವು. ಐದು ಸೆಂಟಿಗೆ ಒಂದು ಬೀಪ್, ಹತ್ತಕ್ಕೆ ಎರಡು, ಇಪ್ಪತ್ತೈದಕ್ಕೆ ವೇಗವಾಗಿ ಐದು. ಡಿಟಿಎಂಎಫ್ ಚಿಪ್ಪಿನ 3.579545 ಮೆಗಾಹರ್ಟ್ಸ್ ಕ್ರಿಸ್ಟಲ್ ಕಿತ್ತು 6.5536 ಹಾಕಿದರೆ, ನಕ್ಷತ್ರದ ಗುಂಡಿಯ 941 ಮತ್ತು 1209 ಏರಿ 1723 ಮತ್ತು 2214 ಆಗುತ್ತವೆ. ಒಂದೇ ಒಂದು ಬಿಡಿಭಾಗದ ಬದಲಾವಣೆ. ಇಷ್ಟು ಸೋಮಾರಿ ಉಪಾಯ ಯಾರಿಗೆ ಹೊಳೆಯಿತೋ, ಅವರಿಗೊಂದು ನಮಸ್ಕಾರ.

ಈಗ ಕೈಗೆತ್ತಿಕೊಂಡಿರುವುದು ನಮ್ಮ ದೇಶದ ಎಕ್ಸ್‌ಚೇಂಜುಗಳು ಬಳಸುತ್ತಿದ್ದ ಆರ್2 ಪದ್ಧತಿ. ಅದರಲ್ಲಿ ಈ ಕಡೆಯವರು ಸ್ವರ ಕೊಟ್ಟರೆ ಆ ಕಡೆಯವರು ಇನ್ನೊಂದು ಜೋಡಿ ಸ್ವರದಲ್ಲಿ 'ಹ್ಞೂಂ' ಅನ್ನುವವರೆಗೂ ನಿಲ್ಲಿಸುವಂತಿಲ್ಲ. ಮುಂದಕ್ಕೆ ಹೋಗಲು 1380ರಿಂದ 1980ರವರೆಗೆ ಆರು ಸ್ವರ, ವಾಪಸು ಬರಲು 1140ರಿಂದ 540ರವರೆಗೆ ಆರು. ಹನ್ನೆರಡು ಎಲ್‌ಎಂ567 ಕೂರಿಸಲು ಬೋರ್ಡಿನಲ್ಲಿ ಜಾಗವಿಲ್ಲ, 120 ಹರ್ಟ್ಸ್ ಅಂತರದ ಸ್ವರಗಳನ್ನು ಬೇರ್ಪಡಿಸುವುದು ಅದಕ್ಕೆ ಕಷ್ಟ ಕೂಡ. ಹಾಗಾಗಿ ಈ ಸಲ ಕೇಳುವ ಕೆಲಸವನ್ನು ಗೋರ್ಟ್ಸೆಲ್ ಲೆಕ್ಕದಿಂದ (ಸದ್ದಿನಲ್ಲಿ ಒಂದು ಸ್ವರ ಎಷ್ಟು ಇದೆ ಅಂತ ಅಳೆಯುವ ಗಣಿತ) ಸಾಫ್ಟ್‌ವೇರಿನಲ್ಲೇ ಮಾಡುತ್ತಿದ್ದೇನೆ. ಮುಂದಕ್ಕೆ ಹೋಗುವ ಆರು ಸ್ವರಗಳು ಆಗಿವೆ, ವಾಪಸು ಬರುವವು ಬಾಕಿ.