ಜಿಡಿಪಿಯಿಂದ ರಫ್ತು ಕಳೆದ ಮೇಲೂ ನನ್ನ ಮಾಡೆಲ್ ಗಟ್ಟಿಯಾಗಿ ನಿಂತಿತು

‘ನಲವತ್ತು ಚಿಲ್ಲರೆ ವರ್ಷದ ಡೇಟಾದಲ್ಲಿ ಏನು ಸಿಗುತ್ತದೆ?’ ಎಂದು ಕಲಬುರಗಿಯಲ್ಲಿ ನನ್ನ ಜೊತೆಯ ಸ್ಕಾಲರ್‌ಗಳೇ ನಗುತ್ತಿದ್ದರು. ಈಗ ಅವರೇ ಎಕ್ಸೆಲ್ ಫೈಲ್ ಕೇಳುತ್ತಿದ್ದಾರೆ.

ನಾನು ನೋಡಿದ್ದು ಭಾರತದ ಎಫ್‌ಡಿಐ (ವಿದೇಶಿ ನೇರ ಹೂಡಿಕೆ), ರಫ್ತು, ಜಿಡಿಪಿ ಮೂರಕ್ಕೂ ಇರುವ ಸಂಬಂಧ. ಡೇಟಾ ವಿಶ್ವಬ್ಯಾಂಕಿನದು. 1970ರಿಂದ ಶುರು ಮಾಡೋಣವೆಂದರೆ ಆ ದಶಕದ ನಡುವೆ ಎಫ್‌ಡಿಐ ಮೈನಸ್‌ಗೆ ಹೋಗಿದೆ. ಮೈನಸ್‌ಗೆ ಲಾಗ್ (ಲಾಗರಿದಮ್) ಎಲ್ಲಿಂದ ತರೋದು? 1980ರಿಂದ ಹಿಡಿದೆ. ಡಾಲರ್ ಜಿಡಿಪಿಯನ್ನೂ ಬಿಟ್ಟೆ. 1991ರ ಜುಲೈನಲ್ಲಿ ರೂಪಾಯಿಯನ್ನು ಎರಡು ಕಂತಿನಲ್ಲಿ ಇಳಿಸಿದರಲ್ಲ, ಡಾಲರ್ ಲೆಕ್ಕದಲ್ಲಿ ಆ ವರ್ಷ ದೇಶವೇ ಕುಸಿದ ಹಾಗೆ ಕಾಣುತ್ತದೆ.

ದೀರ್ಘಕಾಲದ ಸಂಬಂಧ ಇದೆಯಾ ಎಂದು ನೋಡುವ ಜೋಹಾನ್ಸನ್ ಟೆಸ್ಟ್ ಕೈಕೊಟ್ಟಿತು. ಒಂದು ಲ್ಯಾಗ್‌ಗೆ (ಎಷ್ಟು ಹಿಂದಿನ ವರ್ಷ ಸೇರಿಸುತ್ತೇವೆ ಎಂಬುದಕ್ಕೆ) ಸಂಬಂಧ ಇದೆ, ಇನ್ನೊಂದಕ್ಕೆ ಇಲ್ಲ. ಅನಾಲಿಸಿಸ್ ಮಾಡಿಕೊಡುತ್ತೇನೆಂದ ಒಬ್ಬರು 15 ಸಾವಿರದಷ್ಟು ತಗೊಂಡು ಅದೇ ಔಟ್‌ಪುಟ್ಟನ್ನು ಬಣ್ಣದ ಪ್ರಿಂಟ್ ಹಾಕಿ ಕಳಿಸಿದರು. ಮೂರು ತಿಂಗಳ ರೂಮ್ ಬಾಡಿಗೆ ಅದು! ಸಾಫ್ಟ್‌ವೇರ್ ಲೈಸೆನ್ಸ್‌ಗೂ ದುಡ್ಡು ಉಳಿಯಲಿಲ್ಲ. ಪುಕ್ಕಟೆಯ ಗ್ರೆಟ್ಲ್ ಸಾಫ್ಟ್‌ವೇರ್‌ನಲ್ಲೇ ಎಆರ್‌ಡಿಎಲ್ ಹಾಕಿದೆ, ಅದೂ ದೀರ್ಘಕಾಲದ ಸಂಬಂಧ ಹುಡುಕುವ ವಿಧಾನವೇ. ಫಲಿತಾಂಶ ಹೋಲಿಸಲು ಸುಮ್ನೆ ಪೆಸರಾನ್ ಕೊಟ್ಟ ಗಡಿ ಸಂಖ್ಯೆಗಳ ಟೇಬಲ್ ನೋಡಬೇಡಿ. ನಮ್ಮಂಥ ಸಣ್ಣ ಸ್ಯಾಂಪಲ್‌ಗೆ ನಾರಾಯಣ್ 2005ರಲ್ಲಿ ಕೊಟ್ಟ ಟೇಬಲ್ ಬೇಕು. ಅದು ಜಾಸ್ತಿ ಬಿಗಿ. ನನ್ನ ಎಫ್ (ಟೆಸ್ಟ್‌ನ ಅಂಕ) ಆರರ ಹತ್ತಿರ ಬಂತು, ಆ ಟೇಬಲ್ಲಿನ ಗಡಿ ದಾಟಿತು. ಅಂದರೆ ಸಂಬಂಧ ಇದೆ.

ಆದರೆ ರಫ್ತು ಜಿಡಿಪಿಯ ಒಳಗೇ ಕೂತಿದೆ ಅಲ್ವಾ? ಎರಡೂ ಜೊತೆಗೆ ಏರಿದರೆ ಅದರಲ್ಲೇನು ಹೆಚ್ಚುಗಾರಿಕೆ? ಹಾಗಾಗಿ ಜಿಡಿಪಿಯಿಂದ ರಫ್ತು ಕಳೆದು, ಉಳಿದದ್ದರ ಮೇಲೆ ಓಡಿಸಿದೆ. ‘ಕಳೆದರೆ ಸಂಬಂಧವೇ ಮಾಯ’ ಎಂದು ಕೆಲವರು ಹೇಳಿದ್ದರು. ಗುಣಾಂಕ (ಸಂಬಂಧ ಎಷ್ಟು ದೊಡ್ಡದು ಎಂಬ ಸಂಖ್ಯೆ) ಮೊದಲಿನ ಅರ್ಧಕ್ಕಿಂತ ಕೆಳಗಿಳಿಯಿತು ನಿಜ, ಆದರೂ ಗಟ್ಟಿಯಾಗಿ ನಿಂತಿತು. ಒಂದು ತೊಡಕು ಮಾತ್ರ ಉಳಿದಿದೆ: ಹೊರಗಿನಿಂದ ಕಚ್ಚಾ ತೈಲ ತರಿಸಿ, ಜಾಮ್‌ನಗರದಲ್ಲಿ ಸಂಸ್ಕರಿಸಿ ಹೊರಗೆ ಕಳಿಸುವುದೂ ರಫ್ತಿನ ಲೆಕ್ಕದಲ್ಲೇ ಇದೆ. ಅದನ್ನು ಬೇರೆ ಮಾಡುವುದು ಇನ್ನೊಂದು ತಲೆನೋವು.

ಎಫ್‌ಡಿಐ ಕಥೆ ಉಲ್ಟಾ. ಯಾವುದು ಮುಂದೆ, ಯಾವುದು ಅದರ ಹಿಂದೆ ಎಂದು ನೋಡುವ ಟೋಡಾ-ಯಮಾಮೊಟೊ ಟೆಸ್ಟ್ ಹಾಕಿದರೆ ಬೆಳವಣಿಗೆಯಿಂದ ಬಂಡವಾಳದ ಕಡೆಗೆ ಬಾಣ, ಆ ಕಡೆಯಿಂದ ಈ ಕಡೆಗೆ ಇಲ್ಲ. ನನಗೆ ಆಶ್ಚರ್ಯವಾಗಲಿಲ್ಲ. 2003ರಿಂದ ಜಿಡಿಪಿ ಓಡಿತು, 2008ರಲ್ಲಿ 40 ಬಿಲಿಯನ್ ಡಾಲರ್ ದಾಟಿ ಎಫ್‌ಡಿಐ ಬಂತು. ಬೆಳೆಯುವ ಮಾರುಕಟ್ಟೆ ನೋಡಿಯೇ ದುಡ್ಡು ಬರುತ್ತದೆ.

ಈ ಹುರುಪಿನಲ್ಲಿ ನಮ್ಮ ಗಂಜಿನ (ಸಗಟು ಮಾರುಕಟ್ಟೆಯ) ತೊಗರಿ ದರವನ್ನೂ ರಫ್ತಿನ ಜೊತೆ ಕೂಡಿಸಿದೆ. 2006ರಿಂದ 2017ರವರೆಗೆ ತೊಗರಿ ರಫ್ತಿಗೆ ನಿಷೇಧ, ಕಾಲಂ ಪೂರ್ತಿ ಖಾಲಿ ಹೊಡೆಯಿತು. ಈಗ ಮ್ಯಾನ್ಮಾರ್, ಮೊಜಾಂಬಿಕ್ ಆಮದನ್ನು ಹಾಕಿ ನೋಡುತ್ತಿದ್ದೇನೆ.

1991ರ ಡಮ್ಮಿಯನ್ನು (ಆ ವರ್ಷದ ಬದಲಾವಣೆಯನ್ನು ಮಾಡೆಲ್‌ಗೆ ತಿಳಿಸುವ 0-1 ಕಾಲಂ) ಎಲ್ಲಿ ಕೂರಿಸಿದೆ ಎಂದು ಹಲವರು ಕೇಳಿದ್ದಾರೆ. ಲೇಖನ ಪ್ರಿಂಟ್ ಆಗಲಿ, ಆಮೇಲೆ ನೋಡೋಣ.