ಬಣ್ಣ ಅರೆದ ಕೈ ಯಾರದು? ಕಲಾವಿದರ ಮನೆಯ ಮಕ್ಕಳ ಬಗ್ಗೆ ಐತಿಹಾಸಿಕ ಕಾದಂಬರಿ ಬರೆಯುವವರಿಗೆ

1761ರ ಜನವರಿ 26, ರಾತ್ರಿ ಒಂಬತ್ತೂವರೆ. ಇಂದಿನ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನ ಒಂದು ಮನೆಯಲ್ಲಿ ಪುಟ್ಟ ಹುಡುಗನೊಬ್ಬ, ಮುಂದೆ ದೊಡ್ಡ ಸಂಗೀತಗಾರನಾದ ವೋಲ್ಫ್‌ಗ್ಯಾಂಗ್ ಮೊಜಾರ್ಟ್, ಒಂದು ಮಿನ್ಯುಯೆಟ್ (ನೃತ್ಯದ ಚಿಕ್ಕ ಸಂಗೀತ) ನುಡಿಸುವುದನ್ನು ಅರ್ಧ ಗಂಟೆಯಲ್ಲಿ ಕಲಿತ. ಮರುದಿನ ಅವನಿಗೆ ಐದು ತುಂಬುವುದಿತ್ತು. ಅಪ್ಪ ಲಿಯೋಪೋಲ್ಡ್ ಮೊಜಾರ್ಟ್ ದಿನ, ಗಂಟೆ, ಕಲಿಯಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೆಲ್ಲ ಆ ಮಿನ್ಯುಯೆಟ್ ಇದ್ದ ಸಂಗೀತದ ಪುಸ್ತಕದಲ್ಲೇ ಬರೆದಿಟ್ಟ. ಇದನ್ನು ಓದಿದವರು ಸಾಮಾನ್ಯವಾಗಿ "ಅಬ್ಬಾ, ಎಂಥ ಮಗು!" ಅಂದು ಮುಂದೆ ಹೋಗುತ್ತಾರೆ. ಕಾದಂಬರಿ ಬರೆಯುವವರು ಅಲ್ಲೇ ಕೂತುಬಿಡಬೇಕು. ನಾಲ್ಕು ವರ್ಷದ ಮಗು ಚಳಿಗಾಲದ ರಾತ್ರಿ ಅಷ್ಟು ಹೊತ್ತಿನ ತನಕ ಯಾಕೆ ಎಚ್ಚರ ಇತ್ತು? ಅದಕ್ಕೆ ನಿದ್ದೆ ಬಂದಿರಲಿಲ್ಲವೇ? ಇನ್ನೊಂದು ವಿಷಯ, ಆ ಪುಸ್ತಕ ಅವನದಲ್ಲ. 1759ರಲ್ಲಿ ಅಪ್ಪ ಅದನ್ನು ಮಾಡಿಕೊಟ್ಟದ್ದು ಅವನ ಅಕ್ಕ ನ್ಯಾನರ್ಲ್‌ಗೆ. ಆ ರಾತ್ರಿ ಅವಳಿಗೆ ಒಂಬತ್ತು ವರ್ಷ. ತನ್ನ ಪುಸ್ತಕದಲ್ಲಿ ತಮ್ಮನ ಸಾಧನೆಯನ್ನು ಅಪ್ಪ ಬರೆಯುತ್ತಿದ್ದಾಗ ಅವಳು ಎಲ್ಲಿ ನಿಂತಿದ್ದಳು?

ಕಲಾವಿದರ ಕುಟುಂಬದ ಬಗ್ಗೆ ಬರೆಯಬೇಕು ಅಂದುಕೊಂಡವರಿಗೆ ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು. ಅಂಥ ಮನೆಯ ಮಕ್ಕಳಿಗೆ ಕಲೆ ಮೊದಲು ಮನೆಕೆಲಸವಾಗಿ ಬರುತ್ತದೆ. ಅರೆಯುವುದು, ತೊಳೆಯುವುದು, ನಕಲು ಮಾಡುವುದು, ಅಲುಗಾಡದೆ ಕೂರುವುದು, ಸದ್ದು ಮಾಡದೆ ಇರುವುದು. ಪ್ರತಿಭೆ, ಹೆಸರು, ಕೀರ್ತಿ ಎಲ್ಲ ಆಮೇಲಿನ ಮಾತು. ಕಾದಂಬರಿಯನ್ನು ಆ ಕೆಲಸದಿಂದ ಶುರು ಮಾಡಿ.

ಆದರೆ ಒಂದು ಸಾಲು ಬರೆಯುವ ಮುಂಚೆ ದೊಡ್ಡ ಹಾಳೆಯೊಂದನ್ನು ತಗೊಳ್ಳಿ. ಎಡಗಡೆ ವರ್ಷಗಳು, ಮೇಲುಗಡೆ ಮನೆಯ ಎಲ್ಲ ಮಕ್ಕಳ ಹೆಸರು, ಒಳಗೆ ಆಯಾ ವರ್ಷ ಯಾರಿಗೆ ಎಷ್ಟು ವಯಸ್ಸು ಅಂತ ತುಂಬಿಸುತ್ತಾ ಹೋಗಿ. ಸುಮ್ನೆ ಲೆಕ್ಕದ ಕೆಲಸ ಅನ್ನಿಸಬಹುದು, ಆದರೆ ಅರ್ಧ ಕಥೆ ಅಲ್ಲೇ ಸಿಗುತ್ತದೆ. ಮೊಜಾರ್ಟ್ ಮನೆಯದನ್ನೇ ಹಾಕಿ ನೋಡಿ. 1763ರ ಜೂನ್‌ನಲ್ಲಿ ಇಡೀ ಕುಟುಂಬ ಯೂರೋಪಿನ ಪ್ರವಾಸಕ್ಕೆ ಹೊರಟಿತು, ವಾಪಸ್ ಬಂದದ್ದು 1766ರ ನವೆಂಬರ್‌ನಲ್ಲಿ. ಹೊರಡುವಾಗ ಅಕ್ಕನಿಗೆ 11, ತಮ್ಮನಿಗೆ 7. ಬರುವಾಗ ಅವಳಿಗೆ 15, ಅವನಿಗೆ 10. ಅರಮನೆಗಳಲ್ಲಿ ಇಬ್ಬರೂ ನುಡಿಸಿದವರೇ. 1769ರ ಡಿಸೆಂಬರ್‌ನಲ್ಲಿ ಅಪ್ಪ ಇಟಲಿಗೆ ಹೊರಟಾಗ ಮಗನನ್ನು ಮಾತ್ರ ಕರೆದುಕೊಂಡು ಹೋದ. 18 ವರ್ಷದ ನ್ಯಾನರ್ಲ್ ಅಮ್ಮನ ಜೊತೆ ಮನೆಯಲ್ಲೇ ಉಳಿದಳು. ಇಲ್ಲಿ ಕಾದಂಬರಿಕಾರರು ಘಟನೆ ಕಟ್ಟಬೇಕಾಗಿಯೇ ಇಲ್ಲ, ಗಾಡಿ ಹೊರಟ ಮೇಲೆ ಬಾಗಿಲು ಯಾರು ಹಾಕಿದರು ಅನ್ನುವುದನ್ನು ಬರೆದರೆ ಸಾಕು.

ಬದುಕಿ ಉಳಿಯದ ಮಕ್ಕಳಿಗೂ ಆ ಹಾಳೆಯಲ್ಲಿ ಜಾಗ ಕೊಡಿ. ಲಿಯೋಪೋಲ್ಡ್ ದಂಪತಿಗೆ ಏಳು ಮಕ್ಕಳು, ಉಳಿದವರು ಇಬ್ಬರೇ. ಸಂಗೀತಗಾರ ಬಾಖ್‌ಗೆ ಎರಡು ಮದುವೆಗಳಿಂದ 20 ಮಕ್ಕಳು, ಬೆಳೆದು ದೊಡ್ಡವರಾದವರು 10 ಜನ. ಇಂಥ ಮನೆಯಲ್ಲಿ ಉಳಿದ ಮಗುವಿನ ಮೇಲೆ ಬೀಳುವ ಕಣ್ಣೇ ಬೇರೆ. ಅಪ್ಪನ ಆಸೆಯ ಹಿಂದೆ ಭಯವೂ ಇತ್ತು ಅನ್ನುವುದು ಈ ಲೆಕ್ಕ ಹಾಕಿದ ಮೇಲೆ ನನಗೆ ಅರ್ಥವಾಯಿತು.

ಇನ್ನು ಇತಿಹಾಸದ ದೊಡ್ಡ ವರ್ಷಗಳು. 1896ರಲ್ಲಿ ಹುಟ್ಟಿದ ಯೂರೋಪಿನ ಹುಡುಗ 1914ರಲ್ಲಿ, ಮೊದಲ ಮಹಾಯುದ್ಧ ಶುರುವಾದ ವರ್ಷ, 18 ವರ್ಷದವನು. ಅವನ ಬಾಲ್ಯ ಬರೆಯುವಾಗ ನಿಮಗೆ ಯುದ್ಧ ಗೊತ್ತು, ಅವನಿಗೆ ಗೊತ್ತಿಲ್ಲ. "ಮುಂದೆ ಬರಲಿರುವ ಕತ್ತಲೆಯ ಅರಿವು ಅವರಿಗಿರಲಿಲ್ಲ" ಅನ್ನುವಂಥ ಸಾಲು ಎಷ್ಟೇ ಚೆನ್ನಾಗಿ ಕಂಡರೂ ಹೊಡೆದುಹಾಕಿ. ಓದುಗರಿಗೂ ವರ್ಷ ಓದಲು ಬರುತ್ತದೆ, ಅವರೇ ನಡುಗುತ್ತಾರೆ.

ಈಗ ಕೆಲಸದ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು, ಯಾಕೆಂದರೆ ಹೆಚ್ಚಿನ ಕರಡುಗಳು ಸೋಲುವುದು ಇಲ್ಲೇ. ಚಿತ್ರಕಾರನ ಮಗಳ ಬಗ್ಗೆ ಬರೆಯಲು ಕೂತವರು "ಅವಳ ಕಣ್ಣಲ್ಲಿ ಬಣ್ಣಗಳ ಲೋಕವೇ ತೆರೆದುಕೊಂಡಿತು" ಅಂತ ಬರೆದುಬಿಡುತ್ತಾರೆ. ನಾನೂ ಬರೆದಿದ್ದೆ. ಆ ಸಾಲಿನಲ್ಲಿ ಹುಡುಗಿಯೂ ಇಲ್ಲ, ಬಣ್ಣವೂ ಇಲ್ಲ. ಅದನ್ನು ತೆಗೆದು ಹೀಗೆ ಬರೆದೆ:

"ಎಣ್ಣೆ ಬಿದ್ದ ಕೂಡಲೇ ಪುಡಿಯ ಬಣ್ಣ ಕಡುವಾಯಿತು. ಅವಳು ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಸುತ್ತಿಸತೊಡಗಿದಳು. ಗರಗರ ಸದ್ದು. ಆ ಸದ್ದು ಪೂರ್ತಿ ನಿಲ್ಲುವ ತನಕ ಏಳುವ ಹಾಗಿಲ್ಲ. ಅಪ್ಪ ಬೆನ್ನು ಹಾಕಿ ನಿಂತಿದ್ದ, ಒಮ್ಮೆಯೂ ತಿರುಗಿ ನೋಡಲಿಲ್ಲ. 'ಇನ್ನೂ ಇದೆ' ಅಂದ."

ನೋಡಿ, ಅಪ್ಪ ಕಿವಿಯಲ್ಲೇ ಬಣ್ಣ ಪರೀಕ್ಷೆ ಮಾಡುತ್ತಾನೆ. ಮಗಳು ಅದನ್ನು ಕಲಿಯುತ್ತಿದ್ದಾಳೆ, ಅವನು ಕಲಿಸುತ್ತಿದ್ದೇನೆ ಅಂದುಕೊಂಡಿಲ್ಲ. ನೂರು ಪುಟ ಆದ ಮೇಲೆ ಅವಳು ಬೇರೆ ಯಾರಿಗೋ ಬೆನ್ನು ಹಾಕಿ ನಿಂತು "ಇನ್ನೂ ಇದೆ" ಅಂದರೆ ಓದುಗರಿಗೆ ಮೈ ಜುಮ್ಮೆನ್ನುತ್ತದೆ.

ಇದಕ್ಕೆ ಸಾಮಾನುಗಳ ಚರಿತ್ರೆ ಗೊತ್ತಿರಬೇಕು. ತವರದ ಟ್ಯೂಬಿನಲ್ಲಿ ಬಣ್ಣ ತುಂಬುವ ಉಪಾಯಕ್ಕೆ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಪೇಟೆಂಟ್ ಪಡೆದದ್ದು 1841ರಲ್ಲಿ. ಅದಕ್ಕೂ ಮುಂಚೆ ಅರೆದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು, ಮೊಳೆಯಿಂದ ಚುಚ್ಚಿ ಹಿಂಡುತ್ತಿದ್ದರು. ಒಮ್ಮೆ ಚುಚ್ಚಿದ ಚೀಲವನ್ನು ಮತ್ತೆ ಸರಿಯಾಗಿ ಮುಚ್ಚಲು ಆಗುವುದಿಲ್ಲ, ಹಾಗಾಗಿ ದುಬಾರಿ ಬಣ್ಣದ ಚೀಲವನ್ನು ತಪ್ಪಾಗಿ ಚುಚ್ಚಿದ ಮಗುವಿನ ಒಂದು ಅಧ್ಯಾಯವೇ ಆಗುತ್ತದೆ. ಪ್ರಷ್ಯನ್ ನೀಲಿ ಎಂಬ ಬಣ್ಣ ಬರ್ಲಿನ್‌ನಲ್ಲಿ ಮೊದಲು ತಯಾರಾದದ್ದು 18ನೇ ಶತಮಾನದ ಮೊದಲ ದಶಕದಲ್ಲಿ. ಅದಕ್ಕಿಂತ ಹಿಂದಿನ ಕಥೆಯಲ್ಲಿ ಒಳ್ಳೆಯ ನೀಲಿ ಅಂದರೆ ಅಫ್ಘಾನಿಸ್ತಾನದ ಗಣಿಗಳಿಂದ ಬಂದ ಲ್ಯಾಪಿಸ್ ಕಲ್ಲಿನ ನೀಲಿ, ಬೀಗ ಹಾಕಿ ಇಡುವಂಥ ವಸ್ತು. ಬಿಳಿ ಬಣ್ಣ ಸೀಸದಿಂದ ಮಾಡಿದ್ದು, ವಿಷ. ಅದನ್ನು ಅರೆದ ಕೈಯಲ್ಲೇ ಮಕ್ಕಳು ತಿಂಡಿ ತಿಂದಿರುತ್ತಾರೆ, ಅಲ್ವಾ? ಇದನ್ನೆಲ್ಲ ಪಾಠದ ಹಾಗೆ ವಿವರಿಸಲು ಹೋಗಬೇಡಿ. ಮಗುವಿನ ಕೈಗೆ ಸಾಮಾನು ಕೊಡಿ, ಅದು ಏನು ಮಾಡುತ್ತದೋ ಅಷ್ಟನ್ನೇ ಬರೆಯಿರಿ.

ದಾಖಲೆ ಓದುವಾಗ ಕೇಳಬೇಕಾದ ಪ್ರಶ್ನೆ: ಇದನ್ನು ಬರೆದ ಕೈ ಯಾರದು, ಯಾರಿಗೆ ತೋರಿಸಲು ಬರೆದದ್ದು? ಪಿಯಾನೋ ವಾದಕಿ ಕ್ಲಾರಾ ವೀಕ್ ಹುಟ್ಟಿದ್ದು 1819ರಲ್ಲಿ. ಅವಳ ಬಾಲ್ಯದ ದಿನಚರಿ ಉಳಿದಿದೆ. ಅದರಲ್ಲಿ "ನಾನು", "ನನ್ನ ಅಪ್ಪ" ಅಂತೆಲ್ಲ ಇದೆ. ಆದರೆ ಶುರುವಿನಲ್ಲಿ ಬಹಳಷ್ಟನ್ನು ಬರೆದವನು ಅವಳ ಅಪ್ಪ ಫ್ರೀಡ್ರಿಶ್, ಮಗಳ "ನಾನು" ಆಗಿ! ನಾನು ಇದನ್ನು ಮೊದಲು ಓದಿದ ದಿನ ಬೇರೆ ಕೆಲಸ ಮಾಡಲು ಆಗಲಿಲ್ಲ. ಮುಂದೆ ಅವಳು ಸಂಗೀತಗಾರ ರಾಬರ್ಟ್ ಶೂಮನ್‌ನನ್ನು ಮದುವೆಯಾಗಲು ಅಪ್ಪ ಒಪ್ಪಲಿಲ್ಲ, ವಿಷಯ ಕೋರ್ಟಿಗೆ ಹೋಯಿತು, ಮದುವೆ ಆದದ್ದು 1840ರ ಸೆಪ್ಟೆಂಬರ್ 12ರಂದು, ಅವಳ 21ನೇ ಹುಟ್ಟುಹಬ್ಬದ ಹಿಂದಿನ ದಿನ. ತನ್ನ "ನಾನು" ಅನ್ನುವ ಪದವನ್ನು ಅಪ್ಪನ ಕೈಯಿಂದ ವಾಪಸ್ ಪಡೆಯುವುದು, ಅದೇ ಒಂದು ಕಾದಂಬರಿಗೆ ಸಾಲುವ ಕಥೆ.

ಲಿಯೋಪೋಲ್ಡ್ ಪ್ರವಾಸದಿಂದ ಬರೆದ ಬಹಳಷ್ಟು ಪತ್ರಗಳು ಹೋದದ್ದು ಮನೆ ಮಾಲೀಕನೂ ಗೆಳೆಯನೂ ಆದ ಹಾಗೆನಾವರ್‌ಗೆ. ಊರಿನ ಹತ್ತು ಜನ ಓದಲಿ ಅನ್ನುವ ಆಸೆ ಅವುಗಳಲ್ಲಿ ಕಾಣುತ್ತದೆ. ಇನ್ನು ಕೆಲವು ಕಥೆಗಳು ಬಹಳ ತಡವಾಗಿ ಬರೆದವು. ವೆನಿಸ್‌ನ ಚಿತ್ರಕಾರ ತಿಂತೊರೆತ್ತೊ ತನ್ನ ಮಗಳು ಮರಿಯೆತ್ತಾಗೆ ಹುಡುಗನ ಬಟ್ಟೆ ತೊಡಿಸಿ ಜೊತೆಯಲ್ಲೇ ಕರೆದುಕೊಂಡು ಹೋಗುತ್ತಿದ್ದ ಅನ್ನುವುದನ್ನು ಬರೆದವನು ಚಿತ್ರಕಾರರ ಜೀವನಕಥೆ ಬರೆದ ರಿಡೊಲ್ಫಿ, 1648ರಲ್ಲಿ. ಅವಳು ಸತ್ತು ಅಷ್ಟರಲ್ಲಿ ಅರ್ಧ ಶತಮಾನ ದಾಟಿತ್ತು. ಹಾಗಂತ ಬಿಡಬೇಕಿಲ್ಲ. ಆ ಕಥೆಯನ್ನು ಯಾವುದಾದರೂ ಪಾತ್ರದ ಬಾಯಲ್ಲಿ ಹೇಳಿಸಿ, ಇನ್ನೊಂದು ಪಾತ್ರ "ಹಾಗೇನೂ ಇರಲಿಲ್ಲ" ಅನ್ನಲಿ. ನಂಬಿಕೆಗೆ ಹತ್ತಿರವಾದ ದಾಖಲೆ ಬೇಕಿದ್ದರೆ ಲೆಕ್ಕದ ಪುಸ್ತಕ ಹುಡುಕಿ. ಎಣ್ಣೆಗೆ, ಬಟ್ಟೆಗೆ, ವೈದ್ಯರಿಗೆ ಎಷ್ಟು ಕೊಟ್ಟರು ಅಂತ ಬರೆಯುವಾಗ ಯಾರೂ ಮೆಚ್ಚಿಸಲು ಬರೆಯುವುದಿಲ್ಲ.

ಕಲೆ ಅಪ್ಪನಿಂದ ಮಗನಿಗೆ ನೇರವಾಗಿ ಇಳಿಯುತ್ತದೆ ಅನ್ನುವ ಗೆರೆಯನ್ನೂ ಬಿಡಿ. ಚಿತ್ರಕಾರ ಹಿರಿಯ ಪೀಟರ್ ಬ್ರೂಗೆಲ್ 1569ರಲ್ಲಿ ತೀರಿಕೊಂಡಾಗ ಇಬ್ಬರು ಗಂಡುಮಕ್ಕಳೂ ಎಳೆಯರು, ದೊಡ್ಡವನಿಗೆ ನಾಲ್ಕೈದು ವರ್ಷ, ಚಿಕ್ಕವನು ಯಾನ್ ಇನ್ನೂ ಕೂಸು. ಯಾನ್‌ಗೆ ಬಣ್ಣದ ಪಾಠ ಹೇಳಿಕೊಟ್ಟವಳು ಅಜ್ಜಿ, ಅಮ್ಮನ ತಾಯಿ, ಮಾಯ್ಕೆನ್ ವೆರ್‌ಹುಲ್ಸ್ಟ್ ಅಂತ 1604ರಲ್ಲಿ, ಚಿತ್ರಕಾರರ ಜೀವನಕಥೆ ಬರೆದ ವಾನ್ ಮಾಂಡರ್ ಹೇಳಿದ್ದಾನೆ. ಅವಳೂ ಚಿತ್ರಕಾರ್ತಿ. ದೊಡ್ಡ ಮಗನಾದರೋ ಅಪ್ಪನ ಚಿತ್ರಗಳನ್ನೇ ಮತ್ತೆ ಮತ್ತೆ ನಕಲು ಮಾಡಿ ಬದುಕಿದ. ಸರಿಯಾಗಿ ನೆನಪೂ ಇರದ ಅಪ್ಪನ ಕೈಬರಹವನ್ನು ತನ್ನ ಕೈಯಲ್ಲಿ ತರುವುದು ಹೇಗಿರುತ್ತದೆ? ನಿಮ್ಮ ಕಾದಂಬರಿಯಲ್ಲೂ ಅಜ್ಜಿ, ಚಿಕ್ಕಮ್ಮ, ಕೆಲಸದಾಳು, ಪಕ್ಕದ ಮನೆಯವರು, ಇವರಲ್ಲಿ ನಿಜವಾಗಿ ಕಲಿಸಿದವರು ಯಾರು ಅಂತ ಹುಡುಕಿ. ಕೈ ಕೂಡಿ ಬರದ ಒಂದು ಮಗುವೂ ಮನೆಯಲ್ಲಿ ಇರಲಿ. ಎಲ್ಲರೂ ಹಾಡುವ ಮನೆಯಲ್ಲಿ ಶ್ರುತಿ ಹಿಡಿಯದ ಮಗುವಿಗೆ ಕಾಣುವಷ್ಟು ಬೇರೆಯವರಿಗೆ ಕಾಣುವುದಿಲ್ಲ.

ಆಮೇಲೆ ಸಹಿ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್‌ಗೆ ಮೇ ಎಂಬ ಮಗಳು. ಅವಳು 1885ರಲ್ಲಿ, 23ನೇ ವಯಸ್ಸಿಗೆ, ಅಪ್ಪನ ಕಂಪನಿಯ ಕಸೂತಿ ವಿಭಾಗವನ್ನು ವಹಿಸಿಕೊಂಡಳು. ಅವಳು ಬರೆದ ಒಂದು ವಾಲ್‌ಪೇಪರ್ ವಿನ್ಯಾಸವನ್ನು ಜನ ಎಷ್ಟೋ ಸಲ ಅಪ್ಪನದೇ ಅಂದುಕೊಂಡಿದ್ದಾರೆ. ಜಪಾನಿನ ಚಿತ್ರಕಾರ ಹೊಕುಸಾಯ್‌ನ ಮಗಳು ಓಯಿ ಅಪ್ಪನ ಮುಪ್ಪಿನ ವರ್ಷಗಳಲ್ಲಿ ಅವನ ಜೊತೆಯಲ್ಲೇ ಕೆಲಸ ಮಾಡಿದಳು, ಅವಳ ಹೆಸರಿರುವ ಚಿತ್ರಗಳು ಬೆರಳೆಣಿಕೆಯಷ್ಟು. ಇಂಥದ್ದನ್ನು ಬರೆಯುವಾಗ ಕೂಗಾಟ ಬೇಡ. ಚಿತ್ರ ಮುಗಿದಿದೆ, ಬಣ್ಣ ಇನ್ನೂ ಹಸಿ, ಅಪ್ಪ ಸಣ್ಣ ಕುಂಚ ಕೇಳುತ್ತಾನೆ, ಮಗಳು ತೊಳೆದು ಒರೆಸಿ ಕೊಡುತ್ತಾಳೆ. ಅವನು ತನ್ನ ಹೆಸರು ಬರೆಯುತ್ತಾನೆ. ಅಷ್ಟೇ ಸಾಕು.

ಅಪ್ಪನನ್ನು ರಾಕ್ಷಸ ಮಾಡುವುದೂ ಸುಲಭದ ದಾರಿ. ನನ್ನ ಮೊದಲ ಕರಡಿನಲ್ಲಿ ಅಪ್ಪ ಬರೀ ಕ್ರೂರಿ. ಓದಿದ ಗೆಳತಿ ಕೇಳಿದಳು, "ಹಾಗಿದ್ದರೆ ಮಕ್ಕಳು ಅವನ ಕೋಣೆಗೆ ಯಾಕೆ ಮತ್ತೆ ಮತ್ತೆ ಹೋಗುತ್ತಾರೆ?" ಉತ್ತರ ಹುಡುಕಲು ತಿಂಗಳುಗಳೇ ಬೇಕಾದವು. ಅಲ್ಲಿ ಖುಷಿ ಇತ್ತು. ಅಪ್ಪ ಕೆಲಸ ಮಾಡುವಾಗ ಜಗತ್ತಿನಲ್ಲೇ ಅತಿ ಚಂದದ ಮನುಷ್ಯನಾಗಿರುತ್ತಿದ್ದ. ಆ ಖುಷಿಯನ್ನು ಪೂರ್ತಿಯಾಗಿ ಬರೆಯಿರಿ, ಆಗಲೇ ಮಕ್ಕಳು ಕೊಟ್ಟ ಬೆಲೆ ಓದುಗರಿಗೆ ತಾಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಒಂದು ದೊಡ್ಡ ಅನುಕೂಲ ಇದೆ. ನಮ್ಮಲ್ಲಿ ಮಗು "ಅದು". ಮಗು ಅತ್ತಿತು, ಮಗು ಮಲಗಿತು. ಒಂದು ದಿನ ಅದು "ಅವಳು" ಆಗುತ್ತದೆ. ನಿಮ್ಮ ಅಪ್ಪನ ಪಾತ್ರ ಮಗಳ ಬಗ್ಗೆ ಎಷ್ಟು ದಿನ "ಅದಕ್ಕೇನು ಗೊತ್ತು" ಅನ್ನುತ್ತಾನೆ, ಯಾವ ಪುಟದಲ್ಲಿ "ಅವಳನ್ನು ಕೇಳೋಣ" ಅನ್ನುತ್ತಾನೆ? ಮಕ್ಕಳು ಅಪ್ಪನಿಗೆ "ನೀನು" ಅನ್ನುತ್ತಾರೋ "ನೀವು" ಅನ್ನುತ್ತಾರೋ ಅಂತ ಮೊದಲೇ ತೀರ್ಮಾನ ಮಾಡಿ. ಸಿಟ್ಟಿನಲ್ಲಿ ಒಮ್ಮೆ ಅದು ತಪ್ಪಬೇಕು. ಹಾಗೆಯೇ, ಮುಂದೆ ದೊಡ್ಡ ಕಲಾವಿದೆಯಾದಳು ಅಂತ ಐದು ವರ್ಷದವಳಿಗೆ "ಅವರು ಅತ್ತರು" ಅಂತ ಬರೆಯಬೇಡಿ. ಹಳೆಯ ಕಾಲ ತೋರಿಸಲು ಹಳೆಗನ್ನಡದ ಪದ ತುರುಕುವುದೂ ಬೇಡ. ಅವರ ಕೈಯಲ್ಲಿ ಇದ್ದಿರಲಾರದ ವಸ್ತು, ಅವರ ತಲೆಯಲ್ಲಿ ಇದ್ದಿರಲಾರದ ಯೋಚನೆ ಬಾರದಂತೆ ನೋಡಿಕೊಂಡರೆ ಕಾಲ ತಾನಾಗಿ ನಿಲ್ಲುತ್ತದೆ.

ನಿಜವಾದ ಕುಟುಂಬವೇ ಬೇಕೋ, ಕಲ್ಪಿಸಿದ್ದೋ? ಮೊದಲ ಕಾದಂಬರಿಗೆ ಕಲ್ಪಿಸಿದ ಕುಟುಂಬವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ನಿಜವಾದ ಮನೆಗಳಿಂದ ಕಲಿತದ್ದನ್ನು ಅದರೊಳಗೆ ಹಾಕಿ.

ಕೊನೆಯ ಅಧ್ಯಾಯಕ್ಕೆ ಅಪ್ಪನ ಸಾವೇ ಬೇಕು ಅಂತ ಅನ್ನಿಸುತ್ತದೆ. ನಾನಾದರೆ ಅದನ್ನು ದಾಟಿ ಸಾಮಾನು ಹಂಚುವ ದಿನಕ್ಕೆ ಹೋಗುತ್ತೇನೆ. ಕುಂಚಗಳು ಯಾರಿಗೆ, ಪುಸ್ತಕಗಳು ಯಾರಿಗೆ, ಯಾರಿಗೂ ಬೇಡದ ಪೆಟ್ಟಿಗೆಯಲ್ಲಿ ಏನಿದೆ. ನ್ಯಾನರ್ಲ್ ತಮ್ಮನಿಗಿಂತ 38 ವರ್ಷ ಹೆಚ್ಚು ಬದುಕಿದಳು, ತೀರಿಕೊಂಡದ್ದು 1829ರಲ್ಲಿ. ಅವಳ ಆ ಸಂಗೀತದ ಪುಸ್ತಕ ಈಗಲೂ ಇದೆ, ಆದರೆ ಕೆಲವು ಹಾಳೆಗಳು ಅದರೊಳಗಿಲ್ಲ. ನಿಮ್ಮ ಕಾದಂಬರಿಯ ಮನೆಯಲ್ಲೂ ಅಂಥದೊಂದು ಪುಸ್ತಕ ಇರಲಿ. ಅದು ಯಾವ ಮಗುವಿಗಾಗಿ ಮಾಡಿದ್ದೋ ಆ ಮಗು ಈಗ ಮುದುಕಿ. ನೋಡಲು ಬಂದ ಅತಿಥಿ ಕೇಳುತ್ತಾನೆ, ತಮ್ಮನ ನೆನಪಿಗೆ ಒಂದು ಹಾಳೆ ಕೊಡುತ್ತೀರಾ ಅಂತ. ಅವಳು ಪುಸ್ತಕ ತೆರೆಯುತ್ತಾಳೆ. ಯಾವ ಹಾಳೆ ಕೀಳುತ್ತಾಳೆ ಅನ್ನುವುದನ್ನು ಈಗಲೇ ತೀರ್ಮಾನಿಸಿ, ಅಲ್ಲಿಂದ ಹಿಂದಕ್ಕೆ ಬರೆಯುತ್ತಾ ಬನ್ನಿ.